ಎರಡು ಗಂಟೆಯ ಬಾಣಂತನ

ಮುಹರ್ರಕ್ಕಿನ ಟೈಲರ್ ಅಂಗಡಿಯ ಮೇಲ್ಮಾಳಿಗೆಯಲ್ಲಿ
ನಾಲ್ಕು ದಿನಾರು ಎಣಿಸಿ ತೆಗೆದುಕೊಂಡ ಮೇಲೆ
ಕುಂಞಪ್ಪು ಹೇಳಿದ, ಅಂಗೈಯ ಎಣ್ಣೆ ಒರೆಸಿಕೊಳ್ಳುತ್ತ:
ಎರಡು ಗಂಟೆ ಮೈಯನ್ನು ಹಾಗೇ ಬಿಡು.
ತಣ್ಣೀರು ಸೋಕಿಸಬೇಡ.
ಏಸಿ ಗಾಳಿಗೆ ಕೂರಬೇಡ, ಕಿವಿ ಮುಚ್ಚಿಕೋ.
ಆಮೇಲೆ ಮೀಯುವಾಗ ಸೋಪು ಬೇಡ, ಕಡಲೆಹಿಟ್ಟು.
ಭಾರ ಎತ್ತುವುದು ನಾಳೆಗೆ.
ಬಿಸಿನೀರು ಕುಡಿ, ಗುಟುಕು ಗುಟುಕಾಗಿ.
ಅವನ ಕನ್ನಡ ಕಾಸರಗೋಡಿನ ಬಸ್‌ಸ್ಟ್ಯಾಂಡಿನಲ್ಲಿ ಕಲಿತದ್ದು,
ಬೇಡ ಅನ್ನುವಾಗ ಮಾತ್ರ ಸ್ಪಷ್ಟ.

ನನ್ನ ಬಲಭುಜ
ಹನ್ನೆರಡು ವರ್ಷದಿಂದ ಸಿಹಿನೀರಿನ ಟ್ಯಾಂಕರಿನ ಪೈಪು ಎಳೆದದ್ದು.
ಮನೆಮನೆಯ ತಾರಸಿಗೆ ನೀರು ಹತ್ತಿಸಿ ಹತ್ತಿಸಿ
ಮೊನ್ನೆ ಅಂಗಿಯ ತೋಳಿಗೂ ಏರಲೊಲ್ಲೆ ಅಂದಿತು.
ಕುಂಞಪ್ಪು ಅದರೊಳಗೆ ಬೆರಳಿಳಿಸಿ
ಗಂಟೊಂದನ್ನು ಹುಡುಕಿ ಹಿಡಿದು
ಸಿಕ್ಕಾದ ಬಲೆ ಬಿಡಿಸುವವನ ಹಾಗೆ
ಅವಸರವಿಲ್ಲದೆ ಬಿಡಿಸಿದ.

ಜುಲೈ. ಮಧ್ಯಾಹ್ನ.
ತಣ್ಣೀರು ಬೇಡ ಅಂದನಲ್ಲ ಪುಣ್ಯಾತ್ಮ,
ತಣ್ಣೀರು ಎಲ್ಲಿದೆ ಇಲ್ಲಿ?
ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಬೇಯುತ್ತದೆ.
ತಣ್ಣಗಿನದು ಬೇಕೆಂದರೆ
ಸ್ವಿಚ್ಚು ಆರಿಸಿದ ಗೀಸರಿನಲ್ಲಿ ರಾತ್ರಿಯೇ ಹಿಡಿದಿಡಬೇಕು.
ಕಡಲೆಹಿಟ್ಟನ್ನು ಸಾಂತಪ್ಪ ಬಜ್ಜಿಗೆಂದು
ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟಿದ್ದಾನೆ.
ರೂಮಿನಲ್ಲಿ ಆರು ಮಂದಿ, ಒಂದು ರಿಮೋಟು,
ಹದಿನೆಂಟರಲ್ಲೇ ಸಿಕ್ಕಿಕೊಂಡ ಏಸಿ.

ಅದಕ್ಕೇ ಮೆಟ್ಟಿಲಿನ ತಿರುವಿನಲ್ಲಿ
ಖಾಲಿ ಕ್ಯಾನೊಂದನ್ನು ಮಗುಚಿ ಕೂತೆ,
ತಲೆಗೂ ಕಿವಿಗೂ ಟವೆಲ್ಲು ಸುತ್ತಿ,
ಮಡಿಲಲ್ಲಿ ಶುಂಠಿನೀರಿನ ಫ್ಲಾಸ್ಕು.
ಬೆವರೋ ಎಣ್ಣೆಯೋ, ಕತ್ತಿನಿಂದ ಇಳಿಯುತ್ತಿತ್ತು
ದಾರಿ ತಪ್ಪಿದ ಇರುವೆಯ ಹಾಗೆ.

ಡ್ಯೂಟಿ ಮುಗಿಸಿ ಮೇಲೆ ಬರುತ್ತಿದ್ದ ತಿಲಕ್‌ಬಹಾದ್ದೂರ
ಒಂದು ಮೆಟ್ಟಿಲು ಕೆಳಗೆ ನಿಂತು ನೋಡಿದ.
"ಏನು ಭಾಯಿ, ಗಂಡೋ ಹೆಣ್ಣೋ?"

ನಕ್ಕೆ. ನಕ್ಕಾಗ ಪಕ್ಕೆ ನೋಯಲಿಲ್ಲ, ಅದೊಂದು ಲಾಭ.
ಆಮೇಲೆ ನಗು ಅಲ್ಲೇ ನಿಂತಿತು.
ಹೌದಲ್ಲ,
ಇದೆಲ್ಲ ಬಾಣಂತಿಗೆ ಹೇಳುವ ಮಾತು.
ಗಾಳಿಗೆ ಮೈಕೊಡಬೇಡ, ಕಿವಿಗೆ ಹತ್ತಿ,
ಬೆನ್ನಿಗೆ ಬಿಸಿ, ಎದ್ದು ತಿರುಗಬೇಡ.
ಮಗಳು ಹುಟ್ಟಿದಾಗ ನಾನು ರಿಫಾದಲ್ಲಿ
ಯಾರದೋ ಈಜುಕೊಳ ತುಂಬಿಸುತ್ತಿದ್ದೆ.
ಫೋನಿನಲ್ಲಿ ಚೊಂಬು ಹಂಡೆಗೆ ತಗಲಿದ್ದು ಕೇಳಿಸಿತ್ತು,
ನಾಗಿಯಕ್ಕ ನೀರು ಮೊಗೆದು ಮೊಗೆದು
ಬೆನ್ನಿಗೆ ರಪ್ಪನೆ ಹೊಯ್ಯುವುದೂ.
ನಲವತ್ತು ದಿನ ಹಾಗೇ ನಡೆಯಿತೆಂದು
ಹನ್ನೊಂದು ವರ್ಷ ನಂಬಿಕೊಂಡಿದ್ದೆ.

ವನಜಳಿಗೆ ಫೋನು ಮಾಡಿದೆ.
ಟವೆಲ್ಲಿನ ಮೇಲಿಂದಲೇ ಕಿವಿಗೆ ಒತ್ತಿ ಕೇಳಿದೆ,
ನಿನಗೆ ಆಗ ಕಿವಿ ಕಟ್ಟುತ್ತಿದ್ದದ್ದು ಯಾರು?
"ಆಗ ಅಂದರೆ?"
ಮಗು ಆದಾಗ. ಆ ನಲವತ್ತು ದಿನ.
ಅವಳು ಬಟ್ಟೆ ಮಡಚುತ್ತಿದ್ದಿರಬೇಕು, ಕೊಡವಿದ ಸದ್ದಾಯಿತು.
"ನಲವತ್ತೆಲ್ಲಿ ಬಂತು? ಒಂಬತ್ತು.
ನಾಗಿಯಕ್ಕನಿಗೆ ಕೊಡಬೇಕಾದ್ದು ಆ ತಿಂಗಳು ತಡವಾಯಿತಲ್ಲ.
ಹತ್ತನೆಯ ದಿನ ನಾನೇ ಬಾವಿಗೆ ಹೋದೆ."
ಸಿಟ್ಟಿಲ್ಲದೆ ಹೇಳಿದಳು,
ಅಕ್ಕಿಯ ಲೆಕ್ಕ ಹೇಳಿದ ಹಾಗೆ.

ಆ ತಿಂಗಳು ನಾನು
ದಿನಕ್ಕೆ ಆರು ಟ್ಯಾಂಕರು ನೀರು ಮುಟ್ಟಿಸಿದ್ದೆ.
ಈಗಲೂ ಮಳೆ ಹಿಡಿದರೆ ಅವಳ ಸೊಂಟ ಹಿಡಿಯುತ್ತದಂತೆ.
ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ನೀನೊಮ್ಮೆ ಎಣ್ಣೆ ಹಚ್ಚಿಸಿಕೋ, ದುಡ್ಡು ಕಳಿಸುತ್ತೇನೆ,
ನಾಗಿಯಕ್ಕನನ್ನು ಕರೆಸು, ಅಂದೆ.
"ಅವಳು ಹೋಗಿ ನಾಲ್ಕು ವರ್ಷವಾಯಿತು."
ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ.
ಕೆಳಗೆ ಯಾರದೋ ಟ್ಯಾಂಕರು
ಹಿಂದೆ ಹಿಂದೆ ಸರಿಯುತ್ತ ಪೀಪೀ ಅಂದಿತು.
ಆಮೇಲೆ ಅವಳು ಏನೋ ಅಂದಳು.
ಎರಡು ಗಂಟೆ ತುಂಬಲು ಇನ್ನೂ ಇಪ್ಪತ್ತು ನಿಮಿಷವಿತ್ತು.

ಸರಿಯಾಗಿ ಕೇಳುತ್ತಿಲ್ಲ ವನಜ, ಟವೆಲ್ಲು ಬಿಚ್ಚುತ್ತೇನೆ ತಡಿ.

"ಬಿಚ್ಚಬೇಡ," ಅಂದಳು,
"ನಾನೇ ಜೋರಾಗಿ ಹೇಳ್ತೇನೆ."